ಕಾಂಡ್ಲಾ ಮರದ ಬಸವನಹುಳು: ಹೆಸರು ಮತ್ತು ಹರಡುವಿಕೆ

ಸಾರ್ವಜನಿಕರ ಮಾಹಿತಿಗಾಗಿ

ಕರಾವಳಿ ಜಿಲ್ಲೆಗಳಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಗೆ ಮಾಹಿತಿ ನೀಡುವವರು, ಜೀವಿಗಳ ಅಧ್ಯಯನಕ್ಕೆ ಅನುಮತಿ ಕೋರುವವರು ಹಾಗೂ ಅಳಿವೆ ಪ್ರದೇಶದ ಯೋಜನೆಗಳ ಬಗ್ಗೆ ಅಹವಾಲು ಸಲ್ಲಿಸುವವರು ತಮ್ಮ ಪತ್ರಗಳಲ್ಲಿ ಜೀವಿಗಳ ವೈಜ್ಞಾನಿಕ ಹೆಸರನ್ನು ನಮೂದಿಸಬೇಕಾದ ಸಂದರ್ಭ ಬರುತ್ತದೆ. ಅನೇಕರಿಗೆ ಇದು ಒಂದು ಅಂಕಣವನ್ನು ತುಂಬುವ ಕೆಲಸವಾಗಿ ಮಾತ್ರ ತೋರುತ್ತದೆ. ಹಳೆಯ ಪಟ್ಟಿಯೊಂದರಿಂದ ಹೆಸರನ್ನು ನಕಲು ಮಾಡಿಕೊಂಡರೆ ಸಾಕೆಂಬ ಅಭಿಪ್ರಾಯವೂ ಇದೆ. ಹೀಗೆ ಪಟ್ಟಿಯಿಂದ ಪಟ್ಟಿಗೆ ನಕಲಾಗುತ್ತ ಬಂದಿರುವ ಹೆಸರುಗಳಲ್ಲಿ 'ಲಿಟೊರೈನಾ ಸ್ಕಾಬ್ರಾ' ಎಂಬುದೂ ಒಂದು. ಕಾಂಡ್ಲಾ ಮರಗಳ ಮೇಲೆ ವಾಸಿಸುವ ಪುಟ್ಟ ಬಸವನಹುಳುವೊಂದರ ಹೆಸರು ಇದು. ಈ ಹೆಸರು ಇಂದು ಈ ರೂಪದಲ್ಲಿ ಬಳಕೆಯಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಹುಕಾಲ ಈ ಒಂದೇ ಹೆಸರಿನ ಅಡಿಯಲ್ಲಿ ಹಲವು ಬೇರೆ ಬೇರೆ ಜೀವಿಗಳು ಸೇರಿಹೋಗಿದ್ದವು. ಹೆಸರು ಬೆರೆತಾಗ ಯಾವ ಜೀವಿ ಎಲ್ಲಿದೆ, ಎಲ್ಲಿಲ್ಲ ಎಂಬ ಮಾಹಿತಿಯೂ ಬೆರೆತುಹೋಗುತ್ತದೆ. ಸದರಿ ಬಸವನಹುಳುವಿನ ಹೆಸರು ಹೇಗೆ ಬಂದಿತು, ಹೇಗೆ ಬದಲಾಯಿತು ಹಾಗೂ ಅದು ವಾಸ್ತವವಾಗಿ ಎಲ್ಲೆಲ್ಲಿ ಹರಡಿಕೊಂಡಿದೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಜೀವಿಯ ಪರಿಚಯ

ಸಮುದ್ರವು ನದಿಯನ್ನು ಸಂಧಿಸುವ ಅಳಿವೆಗಳ ಕೆಸರಿನಲ್ಲಿ ಕಾಂಡ್ಲಾ ಮರಗಳು ಬೆಳೆಯುತ್ತವೆ. ಇಳಿತದ ಸಮಯದಲ್ಲಿ ಕಾಂಡ್ಲಾವನದ ಹೊರ ಅಂಚಿನ ಮರಗಳನ್ನು, ಅಂದರೆ ನೀರಿಗೆ ಮುಖ ಮಾಡಿ ನಿಂತಿರುವ ಮರಗಳನ್ನು, ಹತ್ತಿರದಿಂದ ಗಮನಿಸಿದರೆ ಅವುಗಳ ಕಾಂಡದ ಮೇಲೆ ಮತ್ತು ಊರುಗೋಲಿನಂತೆ ಇಳಿಬಿಟ್ಟ ಬೇರುಗಳ ಮೇಲೆ ಎರಡು ಮೂರು ಸೆಂಟಿಮೀಟರ್ ಉದ್ದದ, ಮೊನಚು ತುದಿಯ ಚಿಪ್ಪುಗಳು ಅಂಟಿಕೊಂಡಿರುವುದು ಕಾಣುತ್ತದೆ. ಚಿಪ್ಪಿನ ಮೈ ಮಾಸಲು ಬಿಳುಪು ಅಥವಾ ತಿಳಿ ಕಂದು. ಅದರ ಮೇಲೆ ಗಾಢ ಕಂದಿನ ಸಣ್ಣ ಗೆರೆಗಳು ಓರೆಯಾಗಿ ಸಾಲುಗಟ್ಟಿರುತ್ತವೆ. ಬೆರಳಿನಿಂದ ಸವರಿದರೆ ಸುತ್ತುಗಳ ಉದ್ದಕ್ಕೂ ಇರುವ ಏಣುಗಳು ತಾಗುತ್ತವೆ. ತೊಗಟೆಯ ಬಣ್ಣಕ್ಕೆ ಚಿಪ್ಪಿನ ಬಣ್ಣ ಎಷ್ಟು ಹೊಂದಿಕೊಂಡಿರುತ್ತದೆಂದರೆ, ಮೊದಲ ಹುಳು ಕಣ್ಣಿಗೆ ಬಿದ್ದ ನಂತರವೇ ಸುತ್ತಲಿನ ಹತ್ತಾರು ಹುಳುಗಳು ಕಾಣತೊಡಗುತ್ತವೆ.

ಈ ಹುಳು ಕಡಲಿನ ಜೀವಿಯಾದರೂ ನೀರಿನಲ್ಲಿ ಮುಳುಗಿರುವುದನ್ನು ಬಯಸುವುದಿಲ್ಲ. ಉಬ್ಬರ ಬಂದಂತೆ ಮರವನ್ನು ಏರುತ್ತದೆ, ಇಳಿತವಾದಂತೆ ಕೆಳಗೆ ಸರಿಯುತ್ತದೆ. ತೊಗಟೆಯ ಮೇಲಿನ ಸೂಕ್ಷ್ಮ ಪಾಚಿ ಮತ್ತು ಶಿಲೀಂಧ್ರಗಳನ್ನು ಕೆರೆದು ತಿನ್ನುತ್ತದೆ. ಬಿಸಿಲು ಹೆಚ್ಚಿ ಗಾಳಿ ಒಣಗಿದಾಗ ಮೈಯನ್ನು ಒಳಗೆಳೆದುಕೊಂಡು ಮುಚ್ಚಳ ಹಾಕಿಕೊಳ್ಳುತ್ತದೆ. ಚಿಪ್ಪಿನ ಅಂಚು ಒಣಗಿದ ಲೋಳೆಯ ತೆಳುಪೊರೆಯಿಂದ ತೊಗಟೆಗೆ ಅಂಟಿರುತ್ತದೆ. ಈ ಸ್ಥಿತಿಯಲ್ಲಿರುವ ಹುಳು ಸತ್ತಿದೆಯೆಂದು ಭಾವಿಸಿ ಕಿತ್ತು ತೆಗೆಯುವುದು ಸಾಮಾನ್ಯ. ಆದರೆ ನೀರು ತಾಗಿದ ಸ್ವಲ್ಪ ಹೊತ್ತಿನಲ್ಲಿಯೇ ಅದು ಮತ್ತೆ ಚಲಿಸತೊಡಗುತ್ತದೆ.

ಹೆಸರಿನ ಇತಿಹಾಸ

ತಿನ್ನಲು ಮತ್ತು ಮಾರಲು ಬರುವ ಚಿಪ್ಪುಜೀವಿಗಳಿಗೆ ಕರಾವಳಿಯ ಜನರ ಬಾಯಲ್ಲಿ ಹೆಸರುಗಳಿವೆ. ತುಳುನಾಡಿನ ಮರುವಾಯಿ ಇದಕ್ಕೆ ಉತ್ತಮ ನಿದರ್ಶನ. ಕಾಂಡ್ಲಾ ಮರದ ಈ ಹುಳುವಿಗೆ ಪುಸ್ತಕಗಳಲ್ಲಿ ನೆಲೆಗೊಂಡ ಪ್ರತ್ಯೇಕ ಕನ್ನಡ ಹೆಸರಿಲ್ಲ; 'ಬಸವನಹುಳು' ಎಂಬ ಸಾಮಾನ್ಯ ಹೆಸರಿನಲ್ಲಿ ಇದೂ ಸೇರುತ್ತದೆ. ಇಂಗ್ಲಿಷಿನಲ್ಲಿ ಈ ಗುಂಪಿನ ಹುಳುಗಳನ್ನು 'ಪೆರಿವಿಂಕಲ್' ಎನ್ನುತ್ತಾರೆ. ಈ ಪದವು ಮೂಲತಃ ಯುರೋಪಿನ ಶೀತ ಸಮುದ್ರತೀರದ, ಅಲ್ಲಿನ ಜನ ಬೇಯಿಸಿ ತಿನ್ನುವ ಹುಳುವಿಗೆ ಸಂಬಂಧಿಸಿದ್ದು. ಅದೇ ಪದವು ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪ ಅಥವಾ ಕಾಶಿಕಣಗಿಲೆ ಗಿಡಕ್ಕೂ ಇಂಗ್ಲಿಷಿನಲ್ಲಿ ಅನ್ವಯಿಸುತ್ತದೆ. ಆದುದರಿಂದ ಪೆರಿವಿಂಕಲ್ ಎಂದಷ್ಟೇ ಬರೆದ ಪತ್ರವನ್ನು ಓದುವವರು ಹೂಗಿಡವನ್ನು ಊಹಿಸಿಕೊಂಡರೆ ಆಶ್ಚರ್ಯವಿಲ್ಲ. ಆಡುಮಾತಿನ ಹೆಸರುಗಳ ಈ ತೊಡಕನ್ನು ನಿವಾರಿಸಲೆಂದೇ ಎರಡು ಪದಗಳ ವೈಜ್ಞಾನಿಕ ಹೆಸರಿನ ಪದ್ಧತಿ ಬಂದಿತು.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಹೊರತಂದ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಹತ್ತನೆಯ ಆವೃತ್ತಿಯು ಪ್ರಾಣಿಗಳ ವೈಜ್ಞಾನಿಕ ಹೆಸರುಗಳಿಗೆ ಅಧಿಕೃತ ಆರಂಭಬಿಂದು. ಅದಕ್ಕಿಂತ ಹಿಂದಿನ ಹೆಸರುಗಳಿಗೆ ಮಾನ್ಯತೆ ಇಲ್ಲ. ಈ ಹುಳುವಿನ ಹೆಸರೂ ಅದೇ ಗ್ರಂಥದಲ್ಲಿ ಮೊದಲು ಕಾಣಿಸಿಕೊಂಡಿತು. ಆದರೆ ಅಲ್ಲಿ ಇದ್ದ ಹೆಸರು 'ಹೀಲಿಕ್ಸ್ ಸ್ಕಾಬ್ರಾ'. ಹೀಲಿಕ್ಸ್ ಎಂಬುದು ಇಂದು ತೋಟಗಳಲ್ಲಿ ಕಾಣುವ ನೆಲದ ಬಸವನಹುಳುಗಳ ಒಂದು ಕುಲಕ್ಕೆ ಸೀಮಿತವಾದ ಹೆಸರು. ಲಿನೇಯಸ್ಸನ ಕಾಲದಲ್ಲಿ ಚಿಪ್ಪಿನ ಆಕಾರವೇ ವರ್ಗೀಕರಣದ ಮುಖ್ಯ ಆಧಾರವಾಗಿದ್ದು, ನೆಲದ ಹುಳುಗಳೂ ಕಡಲತೀರದ ಹುಳುಗಳೂ ಆ ಒಂದೇ ಕುಲದಲ್ಲಿ ಸೇರಿದ್ದವು. 'ಸ್ಕಾಬ್ರಾ' ಎಂಬ ಲ್ಯಾಟಿನ್ ಪದಕ್ಕೆ ಒರಟಾದದ್ದು ಎಂದು ಅರ್ಥ. ಏಣುಗಳುಳ್ಳ ಚಿಪ್ಪಿಗೆ ಅದು ಒಪ್ಪುವ ವಿಶೇಷಣವೇ ಸರಿ.

ಆ ನಂತರ ಕಡಲತೀರದ ಹುಳುಗಳನ್ನು ಬೇರ್ಪಡಿಸಿ, 1822ರಲ್ಲಿ ಫೆರುಸ್ಸಾಕ್ ಎಂಬ ಫ್ರೆಂಚ್ ವಿದ್ವಾಂಸನು 'ಲಿಟೊರೈನಾ' ಎಂಬ ಕುಲದ ಹೆಸರನ್ನು ಸ್ಥಾಪಿಸಿದನು. ತೀರಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ. ಪ್ರಪಂಚದ ಬಹುತೇಕ ಎಲ್ಲ ತೀರಗಳ ಪೆರಿವಿಂಕಲ್‌ಗಳೂ ದೀರ್ಘಕಾಲ ಇದೇ ಕುಲದಲ್ಲಿದ್ದವು. ಹೀಲಿಕ್ಸ್ ಸ್ಕಾಬ್ರಾ ಕೂಡ ಲಿಟೊರೈನಾ ಸ್ಕಾಬ್ರಾ ಆಯಿತು. ಭಾರತದ ಕಾಂಡ್ಲಾವನಗಳ ಹಳೆಯ ಪಟ್ಟಿಗಳಲ್ಲಿ ಕಾಣುವ ರೂಪ ಇದೇ ಆಗಿದೆ. ಲಿಟೊರೈನಾ ಕುಲವು ಈಗ ಉತ್ತರ ಅಟ್ಲಾಂಟಿಕ್ ಹಾಗೂ ಉತ್ತರ ಪೆಸಿಫಿಕ್ ಸಾಗರಗಳ ತಂಪು ತೀರಗಳ ಪ್ರಭೇದಗಳಿಗೆ ಮಾತ್ರ ಸೀಮಿತವಾಗಿದೆ. ಉಷ್ಣವಲಯದ ಬಂಡೆಗಳ ಮೇಲಿನ ಸಣ್ಣ ಹುಳುಗಳಲ್ಲಿ ಹೆಚ್ಚಿನವು ಎಕೈನೊಲಿಟೊರೈನಾ ಎಂಬ ಕುಲಕ್ಕೆ ಸೇರಿವೆ. ಕಾಂಡ್ಲಾ ಮರಗಳ ಹುಳುಗಳಿಗೆ 1834ರಲ್ಲಿ ಗ್ರಿಫಿತ್ ಮತ್ತು ಪಿಜನ್ ಎಂಬವರು ಬಳಸಿದ್ದ 'ಲಿಟೊರೇರಿಯಾ' ಎಂಬ ಕುಲನಾಮವು ಅನ್ವಯಿಸುತ್ತದೆ. ಆದುದರಿಂದ ಇಂದಿನ ಮಾನ್ಯ ಹೆಸರು ಈ ರೀತಿ ಇರುತ್ತದೆ: ಲಿಟೊರೇರಿಯಾ ಸ್ಕಾಬ್ರಾ (ಲಿನೇಯಸ್, 1758).

ಇಲ್ಲಿರುವ ಆವರಣ ಚಿಹ್ನೆಯನ್ನು ಅರ್ಜಿದಾರರು ವಿಶೇಷವಾಗಿ ಗಮನಿಸಬೇಕು. ಅದು ಅಲಂಕಾರವಲ್ಲ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ, ಪ್ರಭೇದವೊಂದು ಮೊದಲು ಹೆಸರಿಸಿದ ಕುಲದಲ್ಲಿಯೇ ಇಂದಿಗೂ ಇದ್ದರೆ ಹೆಸರಿಸಿದವನ ಹೆಸರನ್ನು ಆವರಣವಿಲ್ಲದೆ ಬರೆಯಲಾಗುತ್ತದೆ; ಬೇರೆ ಕುಲಕ್ಕೆ ವರ್ಗಾವಣೆಯಾಗಿದ್ದರೆ ಆವರಣದೊಳಗೆ ಬರೆಯಲಾಗುತ್ತದೆ. ಹೀಲಿಕ್ಸ್‌ನಿಂದ ಹೊರಟು ಲಿಟೊರೇರಿಯಾಕ್ಕೆ ಬಂದ ಪ್ರಯಾಣವು ಆ ಎರಡು ಕಮಾನುಗಳಲ್ಲಿ ಅಡಗಿದೆ. ಕುಲ ಬದಲಾದರೂ 'ಸ್ಕಾಬ್ರಾ' ಎಂಬ ಎರಡನೆಯ ಪದವು 1758ರಿಂದ ಇಂದಿನವರೆಗೆ ಹಾಗೆಯೇ ಉಳಿದಿದೆ. ಮೂರೂ ಕುಲನಾಮಗಳು ಲ್ಯಾಟಿನ್ ವ್ಯಾಕರಣದಲ್ಲಿ ಸ್ತ್ರೀಲಿಂಗವಾಗಿರುವುದರಿಂದ ವಿಶೇಷಣದ ಅಂತ್ಯವನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ.

ಒಂದು ಹೆಸರು, ಹಲವು ಜೀವಿಗಳು

ಕುಲದ ಹೆಸರು ಬದಲಾದದ್ದು ದೊಡ್ಡ ತೊಡಕೇನಲ್ಲ. ಹಳೆಯ ಹೆಸರಿಗೆ ಹೊಸ ಹೆಸರು ಯಾವುದೆಂದು ಕೋಷ್ಟಕ ನೋಡಿ ತಿಳಿಯಬಹುದು. ನಿಜವಾದ ತೊಡಕು ಇರುವುದು 'ಸ್ಕಾಬ್ರಾ' ಎಂಬ ಪದವು ಎಷ್ಟು ಜೀವಿಗಳನ್ನು ಒಳಗೊಂಡಿತ್ತು ಎಂಬಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳ ಮೂಲಕ ಪೂರ್ವದೇಶಗಳ ಚಿಪ್ಪುಗಳು ಯುರೋಪಿನ ಸಂಗ್ರಹಗಳಿಗೆ ಹೇರಳವಾಗಿ ಬಂದವು. ಅವುಗಳಿಗೆ ಹೆಸರಿಟ್ಟವರಲ್ಲಿ ಜರ್ಮನಿಯ ಫಿಲಿಪ್ಪಿ ಪ್ರಮುಖನು. ಈತ 1851ರಲ್ಲಿ ಚಿಲಿ ದೇಶಕ್ಕೆ ವಲಸೆ ಹೋಗಿ ಅಲ್ಲಿಯ ರಾಷ್ಟ್ರೀಯ ಸಂಗ್ರಹಾಲಯದ ಮುಖ್ಯಸ್ಥನಾದನು. 1846 ಮತ್ತು 1847ರಲ್ಲಿ ಆತ ಪ್ರಕಟಿಸಿದ ವಿವರಣೆಗಳಲ್ಲಿ ಇಂಟರ್‌ಮೀಡಿಯಾ, ಪ್ಯಾಲೆಸೆನ್ಸ್, ಆರ್ಟಿಕ್ಯುಲೇಟಾ, ಸ್ಟ್ರೈಗೇಟಾ ಮೊದಲಾದ ಪ್ರಭೇದಗಳು ಸೇರಿವೆ. ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಜೆಫ್ರಿ ನೆವಿಲ್ 1885ರಲ್ಲಿ ಆ ಸಂಗ್ರಹಾಲಯದ ಮೃದ್ವಂಗಿಗಳ ಪಟ್ಟಿಯ ಎರಡನೆಯ ಭಾಗದಲ್ಲಿ 'ಡೆಲಿಕ್ಯಾಟ್ಯುಲಾ' ಎಂಬ ಹೆಸರನ್ನು ನೀಡಿದನು. ಹೀಗೆ ಹೆಸರುಗಳ ರಾಶಿಯೇ ಬೆಳೆಯಿತು.

ರಾಶಿ ಬೆಳೆದಾಗ ಅದಕ್ಕೆ ಪ್ರತಿಕ್ರಿಯೆಯೂ ಬರುವುದು ಸಹಜ. ಈ ಹುಳುಗಳ ಚಿಪ್ಪಿನ ಆಕಾರ ಮತ್ತು ಬಣ್ಣ ಒಂದೇ ಮರದಲ್ಲಿಯೂ ಬಹಳ ಬದಲಾಗುತ್ತದೆ. ಆದುದರಿಂದ ಇವೆಲ್ಲವೂ ಒಂದೇ ಜೀವಿಯ ರೂಪಾಂತರಗಳಿರಬೇಕು ಎಂಬ ಅಭಿಪ್ರಾಯ ಇಪ್ಪತ್ತನೆಯ ಶತಮಾನದಲ್ಲಿ ಬಲವಾಯಿತು. 1970ರಲ್ಲಿ ಅಮೆರಿಕದ ಜೋಸೆಫ್ ರೋಸ್‌ವಾಟರ್ ಇಂಡೋ-ಪೆಸಿಫಿಕ್ ಪ್ರದೇಶದ ಲಿಟೊರಿನಿಡೇ ಕುಟುಂಬದ ಬಗ್ಗೆ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದಾಗ, ಸ್ಕಾಬ್ರಾ ಎಂಬುದನ್ನು ವ್ಯಾಪಕವಾದ, ಬಹುರೂಪಿಯಾದ ಪ್ರಭೇದವೆಂದೇ ಪರಿಗಣಿಸಿದ್ದರು. ಆಗಿನ ಮಟ್ಟಿಗೆ ಅದು ವಿವೇಕದ ನಿರ್ಣಯವೇ ಆಗಿತ್ತು. ಚಿಪ್ಪೊಂದನ್ನೇ ನೋಡಿ ಹೇಳುವವರಿಗೆ ಅದಕ್ಕಿಂತ ಹೆಚ್ಚು ಹೇಳಲು ಆಧಾರ ಕಡಿಮೆ.

1986ರಲ್ಲಿ ಡೇವಿಡ್ ರೀಡ್ ಅವರ ಗ್ರಂಥ ಲಂಡನ್ನಿನಲ್ಲಿ ಪ್ರಕಟವಾದ ನಂತರ ಚಿತ್ರ ಬದಲಾಯಿತು. ಅವರು ಚಿಪ್ಪಿನೊಳಗಿನ ಪ್ರಾಣಿಯನ್ನು ಪರೀಕ್ಷಿಸಿದರು. ಜನನಾಂಗಗಳ ರಚನೆಯನ್ನು, ಚಿಪ್ಪಿನ ಸೂಕ್ಷ್ಮ ಕೆತ್ತನೆಯನ್ನು ಹೋಲಿಸಿದರು. ಜೊತೆಗೆ ಯಾವ ಹುಳು ಮರದ ಯಾವ ಭಾಗದಲ್ಲಿ ವಾಸಿಸುತ್ತದೆ ಎಂಬುದನ್ನು ಸ್ಥಳದಲ್ಲಿಯೇ ಗಮನಿಸಿದರು. ಪರಿಣಾಮವಾಗಿ ಇಂಡೋ-ಪೆಸಿಫಿಕ್ ಕಾಂಡ್ಲಾವನಗಳಲ್ಲಿ ಇಪ್ಪತ್ತರಷ್ಟು ಪ್ರತ್ಯೇಕ ಪ್ರಭೇದಗಳಿರುವುದು ಸ್ಥಾಪಿತವಾಯಿತು. ಹತ್ತೊಂಬತ್ತನೆಯ ಶತಮಾನದ ಹಲವು ಹೆಸರುಗಳು ಮರುಜೀವ ಪಡೆದವು. ಕೆಲವು ಪ್ರಭೇದಗಳಿಗೆ ಹೊಸದಾಗಿಯೇ ಹೆಸರಿಡಬೇಕಾಯಿತು. 2001ರಲ್ಲಿ ರೀಡ್ ಅವರೇ ಬಂಗಾಳ ಕೊಲ್ಲಿಯ ಹೆಸರನ್ನು ಹೊತ್ತ 'ಲಿಟೊರೇರಿಯಾ ಬೆಂಗಾಲೆನ್ಸಿಸ್' ಎಂಬ ಇನ್ನೊಂದು ಪ್ರಭೇದವನ್ನು ವಿವರಿಸಿದರು. ಈ ಕುಲದ ವಂಶವೃಕ್ಷವನ್ನು ಡಿಎನ್‌ಎ ಆಧಾರದಲ್ಲಿ ರಚಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪ್ರಪಂಚದಾದ್ಯಂತ ಲಿಟೊರೇರಿಯಾ ಕುಲದಲ್ಲಿ ಈಗ ಸುಮಾರು 40 ಪ್ರಭೇದಗಳನ್ನು ಗುರುತಿಸಲಾಗಿದೆ.

ಈ ಪ್ರಭೇದಗಳನ್ನು ಬಿಡಿಸಿ ನೋಡಿದ ಮೇಲೆ, ಹಿಂದೆ ರೂಪಾಂತರವೆಂದು ತೋರಿದ್ದು ವಾಸಸ್ಥಾನದ ಹಂಚಿಕೆಯಾಗಿ ಕಂಡಿತು. ಸ್ಕಾಬ್ರಾ ಹೊರ ಅಂಚಿನ ಮರಗಳ ಕಾಂಡ ಮತ್ತು ಬೇರುಗಳ ಹುಳು. ಪ್ಯಾಲೆಸೆನ್ಸ್ ಎಲೆಗಳ ಮೇಲಿನದು; ಅದರ ತೆಳು ಚಿಪ್ಪು ಹಳದಿ, ಕಿತ್ತಳೆ, ಕಂದು ಹೀಗೆ ಹಲವು ಬಣ್ಣಗಳಲ್ಲಿರುತ್ತದೆ. ಇಂಟರ್‌ಮೀಡಿಯಾ ಅಲೆಯ ಹೊಡೆತ ಕಡಿಮೆಯಿರುವ ಕಡೆ ಕಾಂಡ, ಬೇರುಗಳ ಮೇಲಷ್ಟೇ ಅಲ್ಲದೆ ಕಲ್ಲು, ಕಂಬಗಳ ಮೇಲೂ ಕಾಣುತ್ತದೆ. ಬಣ್ಣದ ವಿಷಯದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮ್ಯಾಗ್ನೆಟಿಕ್ ದ್ವೀಪದಲ್ಲಿ ಫಿಲೋಸಾ ಎಂಬ ಸಂಬಂಧಿ ಪ್ರಭೇದದ ಮೇಲೆ ನಡೆದ ಅಧ್ಯಯನ ಸ್ವಾರಸ್ಯಕರವಾಗಿದೆ. 1987ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹಿನ್ನೆಲೆಗೆ ಹೊಂದುವ ಬಣ್ಣದ ಹುಳುವಿಗೂ ಗುಂಪಿನಲ್ಲಿ ಅಪರೂಪವಾದ ಬಣ್ಣದ ಹುಳುವಿಗೂ ಬೇಟೆಯಿಂದ ತಪ್ಪಿಸಿಕೊಳ್ಳುವ ಅನುಕೂಲವಿದೆ. ಒಂದೇ ಪ್ರಭೇದದಲ್ಲಿ ಹಲವು ಬಣ್ಣಗಳು ಉಳಿದುಬಂದಿರುವುದಕ್ಕೆ ಇದೊಂದು ಕಾರಣ. ಬಣ್ಣ ಬೇರೆಯಾದರೆ ಪ್ರಭೇದ ಬೇರೆ ಎಂದಾಗಲಿ, ಬಣ್ಣ ಒಂದೇ ಆದರೆ ಪ್ರಭೇದವೂ ಒಂದೇ ಎಂದಾಗಲಿ ಹೇಳಲಾಗದು ಎಂಬುದನ್ನು ಇದರಿಂದ ತಿಳಿಯಬಹುದಾಗಿದೆ.

ಹರಡುವಿಕೆ

ಹೀಗೆ ಬೇರ್ಪಡಿಸಿದ ನಂತರವೂ ಲಿಟೊರೇರಿಯಾ ಸ್ಕಾಬ್ರಾದ ವ್ಯಾಪ್ತಿ ಬಹು ದೊಡ್ಡದಾಗಿಯೇ ಉಳಿದಿದೆ. ಆಫ್ರಿಕಾದ ಪೂರ್ವ ಕರಾವಳಿಯಿಂದ ಆರಂಭವಾಗಿ ಹಿಂದೂ ಮಹಾಸಾಗರದ ತೀರಗಳು, ಆಗ್ನೇಯ ಏಷ್ಯಾ, ಉತ್ತರ ಆಸ್ಟ್ರೇಲಿಯಾ ಹಾಗೂ ಪೆಸಿಫಿಕ್ ದ್ವೀಪಗಳನ್ನು ದಾಟಿ ಹವಾಯಿಯವರೆಗೆ ಇದು ಕಂಡುಬರುತ್ತದೆ. ಹವಾಯಿಯ ವಿಷಯ ಗಮನಾರ್ಹ. ಆ ದ್ವೀಪಗಳಲ್ಲಿ ಸ್ಥಳೀಯ ಕಾಂಡ್ಲಾ ಮರಗಳೇ ಇರಲಿಲ್ಲ. 1902ರಲ್ಲಿ ಮೊಲೊಕಾಯಿ ದ್ವೀಪದಲ್ಲಿ ಮೊದಲ ಬಾರಿ ಹೊರಗಿನಿಂದ ತಂದು ನೆಡಲಾಯಿತು. ಅಲ್ಲಿಗೆ ಈ ಹುಳುವನ್ನು ಮುಟ್ಟಿಸಿದ್ದು ಮರವಲ್ಲ, ಸಮುದ್ರ. ಕಾಂಡ್ಲಾ ಇಲ್ಲದ ಕಡೆ ಬೇರೆ ಗಟ್ಟಿ ಆಸರೆಯ ಮೇಲೂ ಇದು ಬದುಕಬಲ್ಲದು.

ಒಂದು ಮರದಿಂದ ಇನ್ನೊಂದು ಮರಕ್ಕೆ ತೆವಳಲು ಕಷ್ಟಪಡುವ ಹುಳು ಸಾಗರಗಳನ್ನು ದಾಟುವುದು ಹೇಗೆ ಎಂಬ ಪ್ರಶ್ನೆ ಸಹಜ. ಉತ್ತರವು ಅದರ ಸಂತಾನಕ್ರಮದಲ್ಲಿದೆ. ಸ್ಕಾಬ್ರಾ ಹಾಗೂ ಅದರ ನಿಕಟ ಸಂಬಂಧಿಗಳಲ್ಲಿ ಹೆಣ್ಣು ಹುಳು ಮೊಟ್ಟೆಗಳನ್ನು ನೀರಿಗೆ ಬಿಡದೆ ತನ್ನ ದೇಹದೊಳಗಿನ ಕುಹರದಲ್ಲಿ ಇರಿಸಿಕೊಂಡು ಬೆಳೆಸುತ್ತದೆ. ಈಜಬಲ್ಲ ಹಂತಕ್ಕೆ ಬಂದ ಸೂಕ್ಷ್ಮ ಮರಿಗಳು, ಅಂದರೆ ಡಿಂಭಗಳು, ನೀರು ಸೇರುತ್ತವೆ. ಅವು ಹಲವು ವಾರ ಸಮುದ್ರದ ಮೇಲ್ಪದರದಲ್ಲಿ ತೇಲುತ್ತ, ಸೂಕ್ಷ್ಮ ಸಸ್ಯಗಳನ್ನು ತಿಂದು ಬೆಳೆಯುತ್ತ, ಪ್ರವಾಹದೊಂದಿಗೆ ಸಾಗುತ್ತವೆ. ಅದೃಷ್ಟವಿದ್ದ ಕೆಲವು ಯಾವುದೋ ತೀರವನ್ನು ತಲುಪಿ ಮರವೇರುತ್ತವೆ.

ಆದರೆ ಈ ಕುಲದ ಬಹುತೇಕ ಎಲ್ಲ ಪ್ರಭೇದಗಳಿಗೂ ತೇಲುವ ಡಿಂಭಗಳಿವೆ. ಹಾಗಿದ್ದರೂ ಎಲ್ಲವೂ ಹವಾಯಿಯವರೆಗೆ ಹರಡಿಲ್ಲ. ಸಂಶೋಧಕರು ಇದಕ್ಕೆ ನೀರಿನ ಗುಣವನ್ನು ಮುಖ್ಯ ಕಾರಣವಾಗಿ ಗುರುತಿಸಿದ್ದಾರೆ. ತೆರೆದ ಸಾಗರದ ಸ್ವಚ್ಛ, ಪೋಷಕಾಂಶ ಕಡಿಮೆಯಿರುವ ನೀರನ್ನೂ ದೂರದ ದ್ವೀಪಗಳ ತೀರಗಳನ್ನೂ ಸಹಿಸಬಲ್ಲ ಪ್ರಭೇದಗಳು ಅತಿ ದೊಡ್ಡ ವ್ಯಾಪ್ತಿಯನ್ನು ಪಡೆದಿವೆ; ಸ್ಕಾಬ್ರಾ ಮತ್ತು ಪ್ಯಾಲೆಸೆನ್ಸ್ ಈ ಬಗೆಯವು. ದೊಡ್ಡ ನದಿಗಳು ತರುವ ಹೂಳು, ಪೋಷಕಾಂಶಗಳಿಂದ ತುಂಬಿದ ಖಂಡದ ಅಂಚಿನ ನೀರಿಗೆ ಹೊಂದಿಕೊಂಡ ಪ್ರಭೇದಗಳು ಆ ಅಂಚನ್ನು ಬಿಟ್ಟು ಹೋಗಲಾರವು. ನೆವಿಲ್ ಹೆಸರಿಸಿದ ಡೆಲಿಕ್ಯಾಟ್ಯುಲಾ ಎರಡನೆಯ ಬಗೆಗೆ ಸೇರಿದ್ದು, ಬಂಗಾಳ ಕೊಲ್ಲಿಯ ಸುತ್ತಲಿನ ತೀರಗಳಿಗೆ ಸೀಮಿತವಾಗಿದೆ. ಪೂರ್ವ ಆಫ್ರಿಕಾದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೂ ಇಂತಹ ಸೀಮಿತ ವ್ಯಾಪ್ತಿಯ ಪ್ರಭೇದಗಳಿವೆ. ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ, ಅಂದರೆ ಪಶ್ಚಿಮ ಆಫ್ರಿಕಾದಲ್ಲಿ ಹಾಗೂ ಫ್ಲಾರಿಡಾದಿಂದ ಬ್ರೆಜಿಲ್‌ವರೆಗಿನ ತೀರದಲ್ಲಿ, ಕಾಂಡ್ಲಾ ಮರಗಳ ಮೇಲೆ ಇರುವುದು ಆಂಗ್ಯುಲಿಫೆರಾ ಎಂಬ ಬೇರೆಯೇ ಪ್ರಭೇದ. ಇದನ್ನೂ ಒಂದು ಕಾಲದಲ್ಲಿ ಸ್ಕಾಬ್ರಾದೊಂದಿಗೆ ಸೇರಿಸಲಾಗಿತ್ತು.

ಹೆಸರು ಬೆರೆತರೆ ಆಗುವ ನಷ್ಟ

ಇಷ್ಟು ಸಣ್ಣ ಹುಳುವಿನ ವಿಷಯದಲ್ಲಿ ಈ ಪರಿಯ ನಿಖರತೆ ಏಕೆ ಎಂದು ಕೇಳಬಹುದು. 'ಲಿಟೊರೈನಾ ಸ್ಕಾಬ್ರಾ ಇದೆ' ಎಂದು ವರದಿಯೊಂದರಲ್ಲಿ ಬರೆದರೆ, ಅದನ್ನು ಪರಿಶೀಲಿಸುವ ಅಧಿಕಾರಿಯು ಆಫ್ರಿಕಾದಿಂದ ಹವಾಯಿಯವರೆಗೆ ಎಲ್ಲೆಡೆ ಇರುವ ಹುಳು ಎಂದು ಮುಂದಿನ ಸಾಲಿಗೆ ಹೋಗುವುದು ಸ್ವಾಭಾವಿಕ. ಆ ಮರದ ಮೇಲಿದ್ದದ್ದು ಕೆಲವೇ ಅಳಿವೆಗಳಿಗೆ ಸೀಮಿತವಾದ ಪ್ರಭೇದವಾಗಿದ್ದರೆ, ಅದರ ವಾಸಸ್ಥಾನ ನಾಶವಾದರೂ ದಾಖಲೆಯಲ್ಲಿ ಏನೂ ಕಳೆದುಹೋದಂತೆ ಕಾಣುವುದಿಲ್ಲ.

ಇದಕ್ಕೆ ಇದೇ ಕುಲದಲ್ಲಿ ಒಂದು ಎಚ್ಚರಿಕೆಯ ಪ್ರಸಂಗವಿದೆ. ಫಿಲಿಪ್ಪಿ 1847ರಲ್ಲಿ ಹೆಸರಿಸಿದ ಲಿಟೊರೇರಿಯಾ ಫ್ಲಾಮಿಯಾ ಎಂಬುದು ಚೀನಾದ ತೀರದ ಹುಳು. ಹತ್ತೊಂಬತ್ತನೆಯ ಶತಮಾನದ ಮಾದರಿಗಳ ನಂತರ ಅದು ಯಾರಿಗೂ ದೊರೆಯದೆ, ನಿಶ್ಚಿತವಾಗಿ ಅಳಿದುಹೋದ ಬೆರಳೆಣಿಕೆಯ ಕಡಲ ಮೃದ್ವಂಗಿಗಳ ಪಟ್ಟಿಗೆ ಸೇರಿತು. ಸಮುದ್ರದ ಜೀವಿಯೊಂದು ಹೀಗೆ ಪೂರ್ಣವಾಗಿ ಅಳಿದುದನ್ನು ದೃಢಪಡಿಸುವುದು ವಿರಳ. ಆದುದರಿಂದ ಆ ಪಟ್ಟಿಗೆ ವಿಶೇಷ ಮಹತ್ವವಿತ್ತು. 2015ರಲ್ಲಿ ಚೀನಾದ ಸಂಶೋಧಕರೂ ಡೇವಿಡ್ ರೀಡ್ ಅವರೂ ಸೇರಿ, ಉಪ್ಪುನೀರಿನ ಜೌಗು ಹುಲ್ಲುಗಾವಲಿನಲ್ಲಿ ಅದು ಮತ್ತೆ ದೊರೆತ ಸಂಗತಿಯನ್ನು ಪ್ರಕಟಿಸಿದರು. ಆದರೆ ಸಿಕ್ಕಿದ್ದು ಪುನಃ ಕಳೆದುಹೋಯಿತೇ ಎಂಬ ಪ್ರಶ್ನೆ ಆ ಲೇಖನದ ಶೀರ್ಷಿಕೆಯಲ್ಲಿಯೇ ಇತ್ತು. ಹಳೆಯ ಚಿಪ್ಪುಗಳನ್ನು ಹೆಸರು, ಸ್ಥಳದೊಂದಿಗೆ ಜೋಪಾನವಾಗಿ ಇಟ್ಟಿದ್ದರಿಂದಲೇ, ಹೊಸದಾಗಿ ಸಿಕ್ಕ ಹುಳು ಅದೇ ಎಂದು ಗುರುತಿಸಲು ಸಾಧ್ಯವಾಯಿತು.

ಕರ್ನಾಟಕದ ಅಳಿವೆಗಳಲ್ಲಿ

ಕರ್ನಾಟಕದ ಕರಾವಳಿಯು ಸ್ಕಾಬ್ರಾದ ವ್ಯಾಪ್ತಿಯ ಒಳಗೇ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹಾಗೂ ಕುಂದಾಪುರದ ಬಳಿಯ ಪಂಚಗಂಗಾವಳಿ ಅಳಿವೆಗಳಲ್ಲಿ ರೈಜೋಫೊರಾ, ಅವಿಸೆನ್ನಿಯಾ ಮೊದಲಾದ ಕಾಂಡ್ಲಾ ಸಸ್ಯಗಳು ಬೆಳೆದಿವೆ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಗಿದೆ. ಅರಬ್ಬೀ ಸಮುದ್ರದ ಈ ಅಳಿವೆಗಳ ಮರಗಳ ಮೇಲಿರುವ ಹುಳುಗಳನ್ನೆಲ್ಲ ಸ್ಕಾಬ್ರಾ ಎಂದು ಬರೆಯುವುದು ಎಷ್ಟು ತಪ್ಪೋ, ಪೂರ್ವ ಕರಾವಳಿಯ ಪಟ್ಟಿಯಿಂದ ಡೆಲಿಕ್ಯಾಟ್ಯುಲಾದಂತಹ ಹೆಸರನ್ನು ತಂದು ಇಲ್ಲಿ ಸೇರಿಸುವುದೂ ಅಷ್ಟೇ ತಪ್ಪು.

ಈ ಹುಳು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿಗಳಲ್ಲಿ ಸೇರಿಲ್ಲ. ಅದರ ರಕ್ಷಣೆಯು ಅದು ವಾಸಿಸುವ ಮರದ ರಕ್ಷಣೆಯ ಮೂಲಕವೇ ಆಗಬೇಕು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಾಂಡ್ಲಾವನಗಳು ಪರಿಸರ ಸೂಕ್ಷ್ಮವಾದ 1-ಎ ವರ್ಗಕ್ಕೆ ಸೇರಿವೆ. ಕಾಂಡ್ಲಾವನವು ಮೀಸಲು ಅರಣ್ಯದ ಭಾಗವಾಗಿದ್ದಲ್ಲಿ ಅರಣ್ಯ ಕಾನೂನುಗಳೂ ಅನ್ವಯವಾಗುತ್ತವೆ.

ಅರ್ಜಿದಾರರ ಗಮನಕ್ಕೆ

ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ರಚನೆಯಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುತ್ತವೆ. ಅದಕ್ಕೆ ಮಾಹಿತಿ ನೀಡಲು ವಿಜ್ಞಾನದ ಪದವಿ ಬೇಕಾಗಿಲ್ಲ. ಮೀನುಗಾರರು, ಚಿಪ್ಪಿ ಹೆಕ್ಕುವ ಮಹಿಳೆಯರು, ದೋಣಿ ನಡೆಸುವವರು ಮೊದಲಾದವರಿಗೆ ಈ ಹುಳುವಿನ ಬಗ್ಗೆ ತಿಳಿದಿರುವುದು ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಿರಬಹುದು. ಊರಿನಲ್ಲಿ ಇದಕ್ಕೆ ಹೆಸರೊಂದು ಇದ್ದರೆ, ಅದು ಕನ್ನಡ, ತುಳು, ಕೊಂಕಣಿ ಯಾವುದೇ ಇರಲಿ, ಆ ಹೆಸರನ್ನು ಕೇಳಿದಂತೆಯೇ ದಾಖಲಿಸುವುದು. ವೈಜ್ಞಾನಿಕ ಹೆಸರನ್ನು ನಂತರವೂ ಸೇರಿಸಬಹುದು. ಹೇಳುವವರು ಇಲ್ಲವಾದ ಮೇಲೆ ಆಡುಮಾತಿನ ಹೆಸರನ್ನು ಸೇರಿಸಲಾಗದು.

ವೈಜ್ಞಾನಿಕ ಹೆಸರನ್ನು ಬರೆಯುವಾಗ ಅದರ ಇಂದಿನ ಮಾನ್ಯ ರೂಪವನ್ನು ಕಡಲಜೀವಿಗಳ ಜಾಗತಿಕ ದಾಖಲೆಯಾದ 'ವರ್ಮ್ಸ್' ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಬಹುದು. ಹಳೆಯ ಹೆಸರನ್ನು ನಮೂದಿಸಿ ಹುಡುಕಿದರೂ ಇಂದಿನ ಹೆಸರು ಅಲ್ಲಿ ದೊರೆಯುತ್ತದೆ. ಅಂತರರಾಷ್ಟ್ರೀಯ ಸಂಹಿತೆಯಂತೆ ವೈಜ್ಞಾನಿಕ ಹೆಸರುಗಳ ಮೂಲ ಲಿಪಿ ಲ್ಯಾಟಿನ್. ಕನ್ನಡ ಲಿಪಿಯ ರೂಪದೊಂದಿಗೆ ಅದನ್ನೂ ಬರೆದರೆ ಉಚ್ಚಾರಣೆಯ ಭೇದದಿಂದ ತಪ್ಪಾಗುವ ಸಂಭವ ಇರುವುದಿಲ್ಲ. ಪ್ರಭೇದ ಯಾವುದೆಂದು ಖಚಿತವಾಗದಿದ್ದರೆ 'ಲಿಟೊರೇರಿಯಾ ಕುಲದ ಹುಳು' ಎಂದಷ್ಟೇ ಬರೆಯುವುದು ಲೇಸು. ಅಪೂರ್ಣವಾದ ಸರಿಯಾದ ಮಾಹಿತಿಯನ್ನು ಮುಂದೆ ಪೂರ್ಣಗೊಳಿಸಬಹುದು. ಪೂರ್ಣವಾಗಿ ತೋರುವ ತಪ್ಪು ಮಾಹಿತಿಯನ್ನು ಯಾರೂ ಮರುಪರಿಶೀಲಿಸುವುದಿಲ್ಲ.

ಹೆಸರಿಗಿಂತಲೂ ಸ್ಥಳದ ವಿವರ ಮುಖ್ಯ. ಅಳಿವೆಯ ಹೆಸರು, ಗ್ರಾಮ, ದಿನಾಂಕ, ಮರದ ಜಾತಿ, ಮರವು ಹೊರ ಅಂಚಿನದೋ ಒಳಗಿನದೋ, ಹುಳು ಇದ್ದದ್ದು ಎಲೆಯ ಮೇಲೋ ಕಾಂಡದ ಮೇಲೋ ಬೇರಿನ ಮೇಲೋ, ಆಗ ಉಬ್ಬರವಿತ್ತೋ ಇಳಿತವಿತ್ತೋ ಎಂಬುದನ್ನು ಬರೆದಿದ್ದರೆ ತಜ್ಞರು ಪ್ರಭೇದವನ್ನು ಊಹಿಸಲು ಅರ್ಧ ದಾರಿ ಸಾಗಿದಂತೆ. ಛಾಯಾಚಿತ್ರಗಳಲ್ಲಿ ಚಿಪ್ಪಿನ ಬೆನ್ನಿನ ಭಾಗವೂ ಬಾಯಿಯ ಭಾಗವೂ ಪ್ರತ್ಯೇಕವಾಗಿ ಕಾಣುವಂತಿರಬೇಕು. ಗಾತ್ರ ತಿಳಿಯಲು ಪಕ್ಕದಲ್ಲಿ ಅಳತೆಪಟ್ಟಿಯನ್ನು ಇಡುವುದು ಒಳ್ಳೆಯದು. ನೆಲದ ಮೇಲೆ ಬಿದ್ದಿರುವ ಖಾಲಿ ಚಿಪ್ಪನ್ನು ಆಧಾರವಾಗಿ ತೆಗೆದುಕೊಳ್ಳಬಾರದು. ಅದು ಪ್ರವಾಹದಲ್ಲಿ ಬಂದಿರಬಹುದು, ಅಥವಾ ಸನ್ಯಾಸಿ ಏಡಿಯು ಅದನ್ನು ಹೊತ್ತು ತಂದಿರಬಹುದು.

ಜೀವಂತ ಹುಳುಗಳನ್ನು ಸಂಗ್ರಹಿಸಬೇಕಾದ ಅಧ್ಯಯನಗಳಿಗೆ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಯಾವುದೇ ವ್ಯಕ್ತಿ ಹೊಸ ಪ್ರಭೇದವನ್ನು ಕಂಡುಹಿಡಿದಲ್ಲಿ, ಅಧಿನಿಯಮದ 39ನೆಯ ಪ್ರಕರಣದ ಪ್ರಕಾರ ಅದನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಪ್ರಾಣಿಗಳ ಮಟ್ಟಿಗೆ ಈ ಜವಾಬ್ದಾರಿಯನ್ನು 1916ರಲ್ಲಿ ಸ್ಥಾಪನೆಯಾದ, ಕೋಲ್ಕತ್ತಾದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಗೂ ವಹಿಸಲಾಗಿದೆ. ಈಗಾಗಲೇ ಸಲ್ಲಿಸಿರುವ ದಾಖಲಾತಿಗಳಲ್ಲಿ 'ಲಿಟೊರೈನಾ ಸ್ಕಾಬ್ರಾ' ಎಂಬ ನಮೂದು ಇದ್ದಲ್ಲಿ ಅದನ್ನು ಅಳಿಸಿಹಾಕದೆ, ಹಳೆಯ ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಪರಿಷ್ಕೃತ ಹೆಸರನ್ನೂ ಪರಿಷ್ಕರಿಸಿದ ದಿನಾಂಕವನ್ನೂ ಬರೆಯುವಂತೆ ಸಂಬಂಧಪಟ್ಟವರನ್ನು ಕೋರಲಾಗಿದೆ.